ಮೇಸ್ತ್ರಿಯ ಕೊಕ್ಕೆ, ಜರ್ಮನಿಯ ನೂರು ಗಾಡಿ

ಜೋಗೇಶ್ವರಿ

ಆ ಜರ್ಮನ್ ಮೋಟಾರ್ ಸೈಕಲ್ ಕಂಪನಿಯ ಹೆಸರನ್ನು ನಾನು ಬರೆಯುವುದಿಲ್ಲ. ಹೆಸರು ಬಾಯಿಗೆ ಬರುವುದಿಲ್ಲವೆಂದಲ್ಲ. ಮೂರು ವಾರ ಜರ್ಮನಿಯಲ್ಲಿದ್ದು ಬಂದವನಿಗೆ ಅಷ್ಟು ನಾಲಿಗೆ ಹೊರಳುತ್ತದೆ. ಆದರೆ ಬರೆದರೆ ಅಲ್ಲಿ ಒಬ್ಬ ಮುದುಕನ ಮಾನ ಹೋಗುತ್ತದೆ. ಯಾಕೆಂದು ಓದುತ್ತ ಹೋದಂತೆ ನಿಮಗೇ ಗೊತ್ತಾಗುತ್ತದೆ. ಗೊತ್ತಾದಾಗ ನನ್ನ ಹಾಗೆ ನಿಮಗೂ ಎದೆ ಧಸಕ್ಕೆನ್ನದಿದ್ದರೆ ನನ್ನ ಹೆಸರು ಬಸವರಾಜನೇ ಅಲ್ಲ.

ಮೊದಲು ಇಲ್ಲಿಯ ಮುದುಕನ ವಿಷಯ. ಉಡುಪಿ ಕಡೆಯ ಕೃಷ್ಣ ಮೇಸ್ತ್ರಿ. ಅವರ ಊರಿನವರೆಲ್ಲ ಮುಂಬಯಿಗೆ ಬಂದು ಹೋಟೆಲ್ ಇಟ್ಟರೆ, ಇವರು ಜೋಗೇಶ್ವರಿಯ ಒಂದು ತಗಡಿನ ಶೆಡ್ಡಿನಲ್ಲಿ ಲೇತ್ ಮಶೀನ್ ಇಟ್ಟುಕೊಂಡು ಮೋಟಾರ್ ಸೈಕಲ್ ರಿಪೇರಿಗೆ ಕೂತವರು. ಹುಬ್ಬಳ್ಳಿಯಿಂದ ಬಂದಿಳಿದ ನನಗೆ ಈ ಊರಿನಲ್ಲಿ ಮೊದಲ ಕೆಲಸ ಕೊಟ್ಟವರು, ಕಬ್ಬಿಣಕ್ಕೆ ಅರ ಹಾಕಿ ಉಜ್ಜುವುದು ಹೇಗೆಂದು ಕೈಹಿಡಿದು ಕಲಿಸಿದವರು. ಆಮೇಲೆ ನಾನು ಚೆಂಬೂರಿನ ಒಂದು ಕಾರ್ಖಾನೆ ಸೇರಿ ಫೋರ್‌ಮನ್ ಆದೆ. ಆದರೂ ಭಾನುವಾರ ಅವರ ಶೆಡ್ಡಿಗೆ ಒಂದು ಸುತ್ತು ಹೋಗಿ ಬೈಸಿಕೊಂಡು ಬರದಿದ್ದರೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಮೇಸ್ತ್ರಿಯವರ ಹತ್ತಿರ ಆ ಕಂಪನಿಯ ಒಂದು ಜರ್ಮನ್ ಗಾಡಿ ಇತ್ತು, ಯುದ್ಧಕ್ಕೂ ಮುಂಚಿನದು. ಅಂಥವು ಇಡೀ ಮುಂಬಯಿಯಲ್ಲಿ ಎರಡೇ. ಇನ್ನೊಂದು ದಾದರಿನ ಒಬ್ಬ ಪಾರ್ಸಿಯದು. ಪಾರ್ಸಿಯದು ವರ್ಷದಲ್ಲಿ ಎಂಟು ತಿಂಗಳು ಕೆಟ್ಟೇ ಇರುತ್ತಿತ್ತು. ಬಿಡಿಭಾಗ ಎಲ್ಲಿಂದ ತರಬೇಕು? ಮೇಸ್ತ್ರಿಯೇ ಒಂದೊಂದನ್ನು ಕಡೆದು, ಉಜ್ಜಿ, ಕೂರಿಸುತ್ತಿದ್ದರು. ಹಾಗೆ ತಾವೇ ಮಾಡಿದ ಭಾಗದ ಮೇಲೆ ಉಳಿಯಿಂದ ಸಣ್ಣದಾಗಿ ಶ್ರೀ ಕೆತ್ತದೆ ಎಂಜಿನ್ ಮುಚ್ಚುತ್ತಿರಲಿಲ್ಲ. ಊರಿಗೆ ಕಾಗದ ಬರೆಯುವಾಗ ಮೇಲೆ ಶ್ರೀ ಹಾಕದೆ ಒಂದಕ್ಷರ ಮುಂದೆ ಹೋಗದ ಮನುಷ್ಯ ಕಬ್ಬಿಣಕ್ಕೆ ಬಿಡುತ್ತಾರೆಯೇ? ಅವರ ಉಳಿಯ ಬಾಯಿ ಸ್ವಲ್ಪ ಮುರಿದಿತ್ತು. ಹಾಗಾಗಿ ಆ ಶ್ರೀಯ ಬಾಲ ಯಾವಾಗಲೂ ಎರಡು ತುಂಡು. ಕೊನೆಗೆ ಪಾರ್ಸಿ ಬೇಸತ್ತು ಗಾಡಿಯನ್ನು ಯಾವನೋ ಪರದೇಶದವನಿಗೆ ಮಾರಿ ಕೈತೊಳೆದುಕೊಂಡ.

ಆದರೆ ತಮ್ಮ ಗಾಡಿಗೆ ಮಾತ್ರ ಮೇಸ್ತ್ರಿ ತಮ್ಮ ಕೈಕೆಲಸ ಹಾಕುತ್ತಿರಲಿಲ್ಲ.

“ಬೇರೆಯವರಿಗೆ ನಾನು ಮಾಡಿದ್ದು ನಡೀತದೆ. ನನ್ನ ಗಾಡಿಗೆ ಜರ್ಮನಿಯದ್ದೇ ಆಗ್ಬೇಕು. ಒರಿಜಿನಲ್ ಅಂದ್ರೆ ಒರಿಜಿನಲ್, ಮಾರಾಯ.”

ಅದರಲ್ಲಿ ಅವರದೆನ್ನುವುದು ಒಂದೇ ಇತ್ತು, ಸೀಟಿನ ಕೆಳಗೆ ಎಡಗಡೆಗೆ ಬೆಸೆದ ಹಿತ್ತಾಳೆಯ ಕೊಕ್ಕೆ. ಹೆಂಡತಿ ಗಿರಿಜಕ್ಕ ಪೇಟೆಯಲ್ಲಿ ಬಂಗುಡೆ ಕೊಂಡರೆ ಮೀನಿನ ಚೀಲ ಅದಕ್ಕೆ. ರಸ್ತೆಯ ಹೊಂಡಕ್ಕೆ ಚೀಲ ಹಾರಿ ಬೀಳದಿರಲೆಂದು ಕೊಕ್ಕೆಯ ತುದಿಯಲ್ಲಿ ಒಳಕ್ಕೆ ಒಂದು ತಿರುವು. ಪಾರ್ಸಿಯ ಗಾಡಿಗೂ ಊಟದ ಡಬ್ಬಿ ತೂಗುಹಾಕಲು ಅಂಥದೇ ಒಂದನ್ನು ಮಾಡಿಕೊಟ್ಟಿದ್ದರು.

ಎಪ್ಪತ್ತರ ದಶಕದ ಒಂದು ಮಳೆಗಾಲ. ಸಯನ್ ಸ್ಟೇಷನ್ನಿನ ಹತ್ತಿರ ಮೇಸ್ತ್ರಿಯವರ ಗಾಡಿ ಗಕ್ಕನೆ ನಿಂತಿತು. ಬಿಚ್ಚಿ ನೋಡಿದರೆ ಕನೆಕ್ಟಿಂಗ್ ರಾಡ್ ಎರಡು ತುಂಡು. ಪಿಸ್ಟನ್ ಮೇಲೆ ಕೆಳಗೆ ಹಾರುವುದನ್ನು ಚಕ್ರ ತಿರುಗುವ ಹಾಗೆ ಮಾಡುವ ಉಕ್ಕಿನ ತೋಳು ಅದು. ಅದಿಲ್ಲದೆ ಎಂಜಿನ್ ಬರೀ ಕಬ್ಬಿಣ. ಅಷ್ಟು ಹೊತ್ತಿಗೆ ಮೇಸ್ತ್ರಿಯವರ ಕಣ್ಣಿಗೆ ಪೊರೆ ಬಂದಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ಗಾಡಿ ನಿಂತ ಮೇಲೆ ಅವರು ಶೆಡ್ಡಿನ ಬಾಗಿಲನ್ನೂ ತೆರೆಯಲಿಲ್ಲ, ಖೋಲಿಯಲ್ಲಿ ಗೋಡೆ ನೋಡುತ್ತ ಮಲಗಿಬಿಟ್ಟರು. ಅದೇ ತಿಂಗಳು ನಮ್ಮ ಕಾರ್ಖಾನೆ ಹೊಸ ಜರ್ಮನ್ ಕಂಪ್ರೆಸರ್ ಒಂದರ ತರಬೇತಿಗೆಂದು ನನ್ನನ್ನು ಆ ದೇಶಕ್ಕೇ ಕಳುಹಿಸುವುದೆಂದಾಯಿತು.

“ರಾಡ್ ತಂದ್ರೆ ಸರಿ. ಇಲ್ಲದಿದ್ರೆ ದಸರಾದಲ್ಲಿ ಗಾಡಿಗೆ ಪೂಜೆ ಮಾಡಿ, ಮರುದಿನ ಗುಜರಿ ಕೊಳ್ಳುವ ಭಂಗಾರ್‌ವಾಲನ ತಕ್ಕಡಿಗೆ ಹಾಕ್ತೇನೆ. ಶೆಡ್ಡಿಗೂ ಬೀಗ,” ಎಂದರು ಮೇಸ್ತ್ರಿ.

“ತರ್ತೀನ್ರಿ ಮೇಸ್ತ್ರಿಯವರ. ತರದಿದ್ರ ನನ್ನ ಕೇಳ್ರಿ,” ಎಂದೆ.

ಹೊರಗೆ ಬಂದಾಗ ಗಿರಿಜಕ್ಕ ಮೆಲ್ಲಗೆ ಅಂದರು: “ತಾ, ಬಸವರಾಜ. ಗಾಡಿ ಹೋದ್ರೆ ಇವರೂ ಹೋಗ್ತಾರೆ.”

ಆ ಮಾತು ಹೊತ್ತುಕೊಂಡೇ ನಾನು ವಿಮಾನ ಹತ್ತಿದೆ.

ಫ್ರಾಂಕ್‌ಫರ್ಟಿನ ಆಚೆ

ಮೊದಲ ಆಘಾತ ಒಂದು ಸಿಗ್ನಲ್ಲಿನಲ್ಲಿ. ಬೆಳಗಿನ ಆರು ಗಂಟೆ. ರಸ್ತೆಯಲ್ಲಿ ಒಂದು ಕಾರಿಲ್ಲ, ಸೈಕಲ್ಲಿಲ್ಲ, ನರಪಿಳ್ಳೆಯಿಲ್ಲ. ಆದರೂ ಏಳು ಜನ ಪಾದಚಾರಿಗಳು ಕೆಂಪು ದೀಪ ನೋಡುತ್ತ ಸುಮ್ಮನೆ ನಿಂತಿದ್ದಾರೆ! ದಾದರಿನಲ್ಲಿ ಬಸ್ಸಿನ ಮೂಗಿನ ಕೆಳಗೇ ನುಸುಳಿ ಪಳಗಿದ ನಾನು ಸೀದಾ ನಡೆದುಬಿಟ್ಟೆ. ಹಿಂದಿನಿಂದ ಒಬ್ಬ ಅಜ್ಜಿ ಕೋಲೆತ್ತಿ ಬೈಯತೊಡಗಿದಳು. ನನಗೆ ಜರ್ಮನ್ ಬರದು, ಆದರೆ ಬೈಗುಳ ಅರ್ಥವಾಗಲು ಭಾಷೆ ಯಾಕೆ ಬೇಕು? ನಾನು ವಾಪಸ್ಸು ಹೋಗಿ ಅವಳ ಪಕ್ಕ ನಿಂತು, ಹಸಿರು ಬಂದ ಮೇಲೆ ಮತ್ತೆ ದಾಟಿದೆ. ಆಗ ಅವಳು ನಕ್ಕಳು.

ಎರಡನೆಯದು ತಿಂಡಿಯ ಮೇಜಿನಲ್ಲಿ. ನನಗೆ ಕೆಲಸ ಕಲಿಸುವ ಇಂಜಿನಿಯರ್ ಡೀಟರ್ ಎಂಬವನು ಬಲು ಒಳ್ಳೆಯವನು, ಇಂಗ್ಲಿಷ್ ಬಲ್ಲವನು. ಬ್ರೆಡ್ಡಿನ ಮೇಲೆ ಕೆಂಪಗೆ ಏನನ್ನೋ ದಪ್ಪಗೆ ಸವರಿ, ಮೇಲೆ ಈರುಳ್ಳಿ ಉದುರಿಸಿ ನನ್ನ ಮುಂದಿಟ್ಟ. ನೋಡಿ ಕಣ್ಣಲ್ಲಿ ನೀರೇ ಬಂತು. ನಮ್ಮ ಕಡೆಯ ರಂಜಕ! ಹಸಿ ಕೆಂಪು ಮೆಣಸಿನಕಾಯಿ ರುಬ್ಬಿದ ರಂಜಕವನ್ನು ಈ ದೇಶದಲ್ಲಿ ಯಾವ ಪುಣ್ಯಾತ್ಮ ಮಾಡಿದನೋ ಎಂದುಕೊಂಡು ಬಾಯಿಯವರೆಗೆ ಒಯ್ದೆ. ಯಾಕೋ ಘಾಟು ಬರಲಿಲ್ಲ. ಕೇಳಿದೆ. ಹಂದಿಯ ಹಸಿ ಮಾಂಸವಂತೆ. ಹಸಿ! ಬೇಯಿಸದ್ದು! ಬ್ರೆಡ್ಡು ನನ್ನ ಕೈಯಿಂದ ಜಾರಿತು. ಮೇಜಿನ ಕೆಳಗೆ ಯಾರದೋ ನಾಯಿ ಮಲಗಿತ್ತು, ಹೌದು, ಹೋಟೆಲಿನೊಳಗೇ. ಅದು ಒಂದೇ ಗುಕ್ಕಿಗೆ ಮುಗಿಸಿತು. ಆ ಮೂರು ವಾರ ನಾನು ಬದುಕಿದ್ದು ಆಲೂಗಡ್ಡೆಯಿಂದ.

ಭಾನುವಾರ ಅಂಗಿ ಒಗೆದು ಕಿಟಕಿಯಲ್ಲಿ ಹಾಕಿದ್ದಕ್ಕೆ ಮನೆಯೊಡತಿ ಓಡಿ ಬಂದು ಅಂಗಿ ಕಿತ್ತು ಒಳಗೆ ಎಸೆದಳು. ಭಾನುವಾರ ಒಗೆದ ಬಟ್ಟೆ ನೆರೆಹೊರೆಗೆ ಕಾಣಬಾರದಂತೆ. ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಭಾನುವಾರ ಎದುರಿನ ಬಿಲ್ಡಿಂಗೇ ಕಾಣುವುದಿಲ್ಲ, ಅಷ್ಟು ಬಟ್ಟೆ.

ಇಷ್ಟರ ನಡುವೆಯೂ ನನ್ನ ತಲೆಯಲ್ಲಿ ರಾಡ್ ಒಂದೇ. ಡೀಟರನಿಗೆ ಹೇಳಿದೆ. ಗಾಡಿಯ ಹೆಸರು ಕೇಳುತ್ತಲೇ ಅವನು ಕುರ್ಚಿಯಿಂದ ಎದ್ದು ನಿಂತ.

“ಅದು ಇನ್ನೂ ಓಡುತ್ತಿದೆಯೇ? ಬಾಂಬೆಯಲ್ಲಿ?”

“ಮೊನ್ನೆಯ ತನಕ ಮೀನು ತರುತ್ತಿತ್ತು,” ಎಂದೆ.

ಕಾರ್ಖಾನೆಯ ಊರು

ಮರುವಾರ ಡೀಟರ್ ನನ್ನನ್ನು ರೈಲಿನಲ್ಲಿ ಆ ಕಂಪನಿಯ ಊರಿಗೆ ಕರೆದುಕೊಂಡು ಹೋದ. ಕಂಪನಿಗೆ ಐವತ್ತು ವರ್ಷ ತುಂಬಿದ ಸಂಭ್ರಮ ನಡೆದಿತ್ತು. ಬಾಗಿಲಲ್ಲಿ ನಮ್ಮನ್ನು ಎದುರುಗೊಂಡವರು ಫೋಗೆಲ್ ಎಂಬ ಮುದುಕ, ಕಂಪನಿಯ ವಸ್ತುಸಂಗ್ರಹಾಲಯ ನೋಡಿಕೊಳ್ಳುವವರು. ಅವರ ತಂದೆಯೂ ಅಲ್ಲಿಯೇ ದುಡಿದವರು. ಅವರು ಜರ್ಮನ್‌ನಲ್ಲಿ ಹೇಳುವುದು, ಡೀಟರ್ ಇಂಗ್ಲಿಷಿಗೆ ತಿರುಗಿಸುವುದು.

ಕಂಪನಿ ಕಟ್ಟಿದವನು ಬೀಗ ಮಾಡುವವನ ಮಗನಂತೆ. ಆ ಕಾಲದಲ್ಲಿ ಒಬ್ಬ ಕೆಲಸಗಾರ ಒಂದು ಎಂಜಿನ್ ಹಿಡಿದರೆ ಮೊದಲ ಬೋಲ್ಟಿನಿಂದ ಕೊನೆಯ ಬೋಲ್ಟಿನವರೆಗೆ ಅವನೇ. ಯುದ್ಧದಲ್ಲಿ ಬಾಂಬು ಬಿದ್ದು ಒಂದೇ ದಿನದಲ್ಲಿ ಕಾರ್ಖಾನೆ ನೆಲಸಮವಾಯಿತು. ನಕ್ಷೆಗಳೆಲ್ಲ ಸುಟ್ಟು ಬೂದಿ. ಆಮೇಲೆ ಎರಡು ವರ್ಷ ಅವರು ಮಾಡಿದ್ದೇನು ಗೊತ್ತೇ? ಸೈನಿಕರ ಕಬ್ಬಿಣದ ಟೋಪಿಗಳನ್ನು ಬಡಿದು ಅಡಿಗೆ ಪಾತ್ರೆ! ಫೋಗೆಲ್ ಅಂಥದೊಂದು ಪಾತ್ರೆ ತೋರಿಸಿದರು. “ನನ್ನ ತಾಯಿ ಇದರಲ್ಲಿ ಸಾರು ಮಾಡುತ್ತಿದ್ದಳು,” ಎಂದರು. ತಲೆ ಇದ್ದ ಜಾಗದಲ್ಲಿ ಸಾರು.

“ನಮ್ಮ ಹಳೆಯ ಗಾಡಿ ಒಂದೂ ಉಳಿದಿರಲಿಲ್ಲ. ಹಲವು ವರ್ಷ ಹುಡುಕಿದ ಮೇಲೆ ಬಹಳ ದೂರದ ದೇಶದಿಂದ ಬಂದ ಒಂದು ಸಿಕ್ಕಿತು. ಏನೂ ಬದಲಾಗಿರಲಿಲ್ಲ. ಸ್ಥಾಪಕರ ಕೈ ಬಿಟ್ಟಾಗ ಹೇಗಿತ್ತೋ ಹಾಗೆ. ಅದನ್ನು ನೋಡಿಯೇ ಈ ಹೊಸದನ್ನು ಮಾಡಿದ್ದೇವೆ,” ಎನ್ನುತ್ತ ಫೋಗೆಲ್ ಒಂದು ಬಾಗಿಲು ತೆರೆದರು.

ಅಲ್ಲಿತ್ತು ಗಾಡಿ. ಕಪ್ಪು ಟ್ಯಾಂಕು, ಬೆಳ್ಳಿಯಂಥ ಎಂಜಿನ್, ಎರಡು ಚಕ್ರ, ಅಷ್ಟೇ. ಈಗ ಕೆಲವರು ಗಾಳಿ ತಡೆಯಲು ಗಾಡಿಯ ಮುಂದೆಲ್ಲ ಪ್ಲಾಸ್ಟಿಕ್ ಹೊದಿಸತೊಡಗಿದ್ದಾರಂತೆ, ಇವರು ಒಂದು ಚೂರೂ ಹೊದಿಸಿಲ್ಲ. ಹಾಗಾಗಿ ಇದಕ್ಕೆ ಬೆತ್ತಲೆ ಗಾಡಿ ಎಂದೇ ಹೆಸರು. ಡೀಟರ್ ಹಾಗೆಂದಾಗ ನಾನು ಸುತ್ತಮುತ್ತ ಹೆಂಗಸರಿದ್ದಾರೆಯೇ ಎಂದು ನೋಡಿದೆ. ಒಟ್ಟು ನೂರೇ ನೂರು ಮಾಡುತ್ತಾರಂತೆ, ನೂರಾ ಒಂದನೆಯದು ಎಂದೂ ಇಲ್ಲ. ಒಬ್ಬ ಹಲ್ಲಿನ ಡಾಕ್ಟರು ಆಗಲೇ ಕಾದಿರಿಸಿದ್ದಾನೆ, ಓಡಿಸಲಿಕ್ಕಲ್ಲ, ದಿವಾನಖಾನೆಯಲ್ಲಿ ಇಡಲಿಕ್ಕೆ! ಓಡಿಸದ ಗಾಡಿ! ಮೇಸ್ತ್ರಿಗೆ ಇದನ್ನು ಹೇಳಿದರೆ ಸುತ್ತಿಗೆ ತಗೊಂಡು ಜರ್ಮನಿಗೇ ಬರುತ್ತಾರೆ ಎಂದುಕೊಂಡು ನಗುತ್ತ ಎಡಗಡೆಗೆ ಬಂದೆ.

ನಗು ಅಲ್ಲೇ ನಿಂತಿತು. ಸೀಟಿನ ಕೆಳಗೆ ಒಂದು ಹಿತ್ತಾಳೆಯ ಕೊಕ್ಕೆ. ತುದಿಯಲ್ಲಿ ಒಳಕ್ಕೆ ಒಂದು ತಿರುವು.

“ಇದು ಏನು?” ಎಂದೆ.

ಫೋಗೆಲ್ ಅವರ ಮುಖ ಅರಳಿತು. “ನೀವು ಬಲ್ಲವರು! ಸ್ಥಾಪಕರು ಕಾಡಿಗೆ ಬೇಟೆಗೆ ಹೋಗುವಾಗ ತಮ್ಮ ಟೋಪಿಯನ್ನು ಇದಕ್ಕೆ ತೂಗುಹಾಕುತ್ತಿದ್ದರು. ಹಳೆಯ ಗಾಡಿಯಲ್ಲಿ ಇದ್ದಂತೆಯೇ ನೂರಕ್ಕೂ ಹಾಕಿದ್ದೇವೆ.”

ಟೋಪಿಯಂತೆ! ಇರಲಿ, ಲೋಕದಲ್ಲಿ ಕೊಕ್ಕೆಗಳಿಗೆ ಬರವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಬಗ್ಗಿದ್ದವನು ತಲೆ ಎತ್ತಿದೆ. ಟ್ಯಾಂಕಿನ ಮೇಲೆ ಒಂದು ಚಿಕ್ಕ ಫಲಕ. ನೂರರಲ್ಲಿ ಎಷ್ಟನೆಯದೆಂಬ ಅಂಕಿ. ಆ ಅಂಕಿಯ ಮೇಲೆ ಹೊಳೆಯುವ ಅಕ್ಷರದಲ್ಲಿ ಶ್ರೀ.

ಹೌದು, ನೀವು ಓದಿದ್ದು ಸರಿಯಾಗಿಯೇ ಇದೆ. ಕನ್ನಡದ ಶ್ರೀ. ಬಾಲ ಎರಡು ತುಂಡಾದ ಶ್ರೀ. ಡೀಟರ್ ನನ್ನ ರಟ್ಟೆ ಹಿಡಿಯದಿದ್ದರೆ ಆ ಗಾಡಿಯ ಮೇಲೇ ಬೀಳುತ್ತಿದ್ದೆ.

“ಅದು ಸ್ಥಾಪಕರ ಗುಪ್ತ ಗುರುತು,” ಎಂದರು ಫೋಗೆಲ್, ದೇವರ ಗುಡಿಯಲ್ಲಿ ಮಾತಾಡುವ ಹಾಗೆ ದನಿ ತಗ್ಗಿಸಿ. “ಹಳೆಯ ಎಂಜಿನ್ನಿನ ಒಳಗೆ ನಾಲ್ಕು ಕಡೆ ಸಿಕ್ಕಿತು. ಬೀಗದ ಕೀಲಿಯ ಚಿತ್ರ ಇರಬೇಕು. ಬೀಗ ಮಾಡುವವನ ಮಗನಲ್ಲವೇ.”

ಗಾಜಿನ ಪೆಟ್ಟಿಗೆ

ಆ ಹಳೆಯ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಒಂದೊಂದು ಭಾಗವನ್ನೂ ಹಸಿರು ಬಟ್ಟೆಯ ಮೇಲೆ ಜೋಡಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಮೇಲಿನಿಂದ ದೀಪ. ಜನ ಟೋಪಿ ತೆಗೆದು ನೋಡುತ್ತಿದ್ದರು. ನಾನೂ ಬಗ್ಗಿದೆ. ಆ ವಾಲ್ವಿಗೆ ಅರ ಹಾಕಿದವನು ನಾನು. ಆ ಬುಶ್ ಬಳೆ ಕೂರಿಸುವಾಗ ನನ್ನ ಹೆಬ್ಬೆರಳು ಜಜ್ಜಿತ್ತು, ಉಗುರಿನ ಗುರುತು ಈಗಲೂ ಇದೆ. ನಡುವೆ ರಾಜನ ಹಾಗೆ ಮಲಗಿತ್ತು ಕನೆಕ್ಟಿಂಗ್ ರಾಡ್. ಪಾರ್ಸಿಯ ಗಾಡಿಗೆಂದು ಮೇಸ್ತ್ರಿ ಒಂದು ಗುಜರಿ ಲಾರಿಯ ಆಕ್ಸಲ್ ಕಡೆದು, ಹನ್ನೆರಡು ದಿನ ಕೂತು ಮಾಡಿದ ರಾಡ್. ಅದರ ಸೊಂಟದಲ್ಲಿ ಶ್ರೀ.

ನಾನು ಹುಬ್ಬಳ್ಳಿಯವನು. ಮನಸ್ಸಿನಲ್ಲಿ ಬಂದದ್ದು ಬಾಯಿಗೆ ಬರಲು ಅರೆಕ್ಷಣ ಸಾಕು. ಇದಕ್ಕಾಗಿ ಎಷ್ಟೋ ಸಲ ಸಾಹೇಬರ ಹತ್ತಿರ ಬೈಸಿಕೊಂಡಿದ್ದೇನೆ. ಆದರೆ ಆ ದಿನ ತುಟಿ ಬಿಚ್ಚಲಾಗಲಿಲ್ಲ. ಫೋಗೆಲ್ ಗಾಜಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು. ಸುಟ್ಟುಹೋದ ಕಾರ್ಖಾನೆಯಲ್ಲಿ ತಮ್ಮ ಅಪ್ಪನ ಕಾಲದ್ದು ಉಳಿದಿರುವುದು ಇದೊಂದೇ ಎಂದು ಹೇಳುವಾಗ ಅವರ ಕಣ್ಣು ತುಂಬಿತ್ತು. ಇದು ನಿಮ್ಮ ಅಪ್ಪಂದಲ್ಲರೀ, ಜೋಗೇಶ್ವರಿಯದು ಎಂದು ಹೇಗೆ ಹೇಳಲಿ? ಹೇಳಿದರೆ ನನಗೆ ರಾಡ್ ಸಿಗುತ್ತದೆಯೇ ಎಂಬ ಹೆದರಿಕೆಯೂ ಇತ್ತು, ಸುಳ್ಳು ಯಾಕೆ?

ಬಂದ ಕೆಲಸವನ್ನಷ್ಟೇ ಕೇಳಿದೆ. ಬಾಂಬೆಯಲ್ಲಿ ನನ್ನ ಗುರುಗಳ ಗಾಡಿ ನಿಂತಿದೆ, ರಾಡ್ ಬೇಕು.

ಫೋಗೆಲ್ ಗಾಜಿನಿಂದ ಕೈ ತೆಗೆದರು. ಆಮೇಲೆ ಒಳಗೆ ಹೋಗಿ ಎಣ್ಣೆ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ತಂದು ಎರಡೂ ಕೈಯಲ್ಲಿ ಕೊಟ್ಟರು.

“ಹೊಸ ನೂರು ಗಾಡಿಗಳ ರಾಡ್ ಬೇರೆ. ಆ ಮೂಲ ರಾಡನ್ನು ಅಳೆದು ಇಂಥ ಮೂರನ್ನು ಮಾತ್ರ ಮಾಡಿಸಿದ್ದೇವೆ. ಕೂದಲಿನಷ್ಟೂ ವ್ಯತ್ಯಾಸವಿಲ್ಲ, ಗುರುತು ಸಮೇತ. ಒಂದು ನಿಮ್ಮ ಗುರುಗಳಿಗೆ. ಅದು ಓಡುವ ಗಾಡಿಯೊಳಗೇ ಇರಬೇಕು.”

ನಾನು ಬಗ್ಗಿ ಅವರ ಕಾಲು ಮುಟ್ಟಿದೆ. ಅಯ್ಯಯ್ಯೋ ಎಂಬಂತೆ ಅವರು ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. ಆ ಇಡೀ ದಿನದಲ್ಲಿ ಬೆಚ್ಚಿಬಿದ್ದವನು ನಾನೊಬ್ಬನೇ ಅಲ್ಲ ಎಂಬುದು ಸಮಾಧಾನ.

ಚೆಂಬೂರು

ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ಪೊಟ್ಟಣ ಬಿಚ್ಚಿಸಿದ. ಎಲ್ಲರೂ ಟ್ರಾನ್ಸಿಸ್ಟರ್, ಗಡಿಯಾರ, ಸೆಂಟು ತರುವವರು. ಇವನು ರಾಡನ್ನು ತಿರುಗಿಸಿ ಮುರುಗಿಸಿ ನೋಡಿ, “ಅರೇ, ಫಾರಿನ್ ಜಾಕೇ ಯೇ ಲೋಹಾ ಲಾಯಾ?” ಎಂದು, ಪರದೇಶಕ್ಕೆ ಹೋಗಿ ಕಬ್ಬಿಣ ತಂದವನಲ್ಲ ಎಂಬ ಕನಿಕರದಿಂದ ಬಿಟ್ಟುಬಿಟ್ಟ.

ಮನೆಗೆ ಬಂದ ಮೇಲೆ ಹೊಸ ಸಂಕಟ ಶುರುವಾಯಿತು. ಮೇಸ್ತ್ರಿ ಕೇಳಿದ್ದು ಒರಿಜಿನಲ್. ನಾನು ತಂದಿರುವುದು ಅವರ ಕೈಕೆಲಸದ ನಕಲು. ಆ ಶ್ರೀ ಕಂಡರೆ ಮುಗಿಯಿತು, ಗಾಡಿ ಭಂಗಾರ್‌ವಾಲನ ತಕ್ಕಡಿಗೆ. ಗುರುತನ್ನು ಉಜ್ಜಿ ತೆಗೆದುಬಿಟ್ಟರೆ? ಜರ್ಮನಿಯಲ್ಲಿ ಮಾಡಿದ್ದಂತೂ ಸುಳ್ಳಲ್ಲವಲ್ಲ! ಬೆಳಗ್ಗೆ ಎದ್ದು ರಾಡನ್ನು ಮೊಣಕಾಲಿನ ಮೇಲಿಟ್ಟು ಅರ ಹಿಡಿದೆ. ಅರ ಹಿಡಿಯಲು ಕಲಿಸಿದವರು ಯಾರು? ಅವರ ಶ್ರೀಯ ಮೇಲೇ ಅದನ್ನು ಓಡಿಸುವುದೇ? ಛೀ ಎನಿಸಿ ಅರವನ್ನು ಮೂಲೆಗೆ ಎಸೆದು ಲೋಕಲ್ ರೈಲು ಹಿಡಿದೆ.

ಮತ್ತೆ ಜೋಗೇಶ್ವರಿ

ದಸರೆಗೆ ಎರಡೇ ದಿನ ಇತ್ತು. ನನ್ನ ದನಿ ಕೇಳಿದ್ದೇ ಮೇಸ್ತ್ರಿ ಎದ್ದು ಕೂತರು.

“ತಂದಿಯಾ?”

“ತಂದೀನ್ರಿ.”

ಅವರು ಪೊಟ್ಟಣ ಬಿಚ್ಚಿ ಮೊದಲು ಮೂಸಿದರು. “ಜರ್ಮನ್ ಎಣ್ಣೆ! ಇದು ಉಕ್ಕು, ನೋಡು ಗಿರಿಜಾ, ಇದು ಉಕ್ಕು!” ಎಂದರು. ಪೊರೆ ಬಂದ ಕಣ್ಣಿಗೆ ಏನು ಕಾಣಬೇಕು? ಹೆಬ್ಬೆರಳನ್ನೇ ರಾಡಿನ ಮೇಲೆ ಮೆಲ್ಲಗೆ ಜಾರಿಸುತ್ತ ಬಂದರು. ಸೊಂಟದ ಹತ್ತಿರ ಹೆಬ್ಬೆರಳು ನಿಂತಿತು. ಹಿಂದೆ ಹೋಯಿತು. ಮತ್ತೆ ಬಂತು. ಅವರ ಮುಖದ ಬಣ್ಣವೇ ಇಳಿದುಹೋಯಿತು.

“ಇದೆಂತದು, ಬಸವರಾಜ?”

ನಾನು ಎಲ್ಲವನ್ನೂ ಹೇಳಿದೆ. ಗಾಜಿನ ಪೆಟ್ಟಿಗೆ, ದೀಪ, ಟೋಪಿ ತೆಗೆದು ನಿಂತ ಜನ, ಫೋಗೆಲ್ ಅವರ ಕಣ್ಣು, ನೂರು ಗಾಡಿ, ನೂರು ಶ್ರೀ, ನೂರು ಕೊಕ್ಕೆ. ಗಿರಿಜಕ್ಕ ಬಾಯಿಗೆ ಸೆರಗು ಒತ್ತಿಕೊಂಡರು.

“ನನ್ನ ಮೀನಿನ ಕೊಕ್ಕೆಯಾ? ನೂರು ಗಾಡಿಗಾ? ದೇವರೇ!”

ಮೇಸ್ತ್ರಿ ನಗಲಿಲ್ಲ. “ಹಾಗಾದ್ರೆ ಅಲ್ಲಿ ಒರಿಜಿನಲ್ ಎಂತ ಉಂಟು?” ಎಂದರು, ಮಗು ಕೇಳಿದ ಹಾಗೆ.

“ನಿಮ್ದ ಐತ್ರಿ,” ಎಂದೆ. “ಅವರು ಅದನ್ನ ದೇವರಂಗ ಇಟ್ಟಾರ. ನೀವೊಬ್ರ ನೋಡ್ರಿ, ನಿಮ್ಮ ಕೆಲಸ ನಿಮ್ಮ ಗಾಡಿಗೆ ಬ್ಯಾಡ ಅನ್ನೋರು.”

ರಾಡಿನ ಮೇಲಿನ ತುದಿಗೆ ಮೇಸ್ತ್ರಿಯವರ ಬೆರಳು ಹೋಯಿತು. ಅಲ್ಲಿ ಎಣ್ಣೆ ಇಳಿಯಲು ಒಂದು ಸಣ್ಣ ತೂತು. ಕಿರುಬೆರಳಿನ ಉಗುರನ್ನು ಅದಕ್ಕೆ ಚುಚ್ಚಿ ನೋಡಿದರು. ಇನ್ನೊಮ್ಮೆ ಚುಚ್ಚಿದರು. ತಟ್ಟನೆ ಹಣೆಗೆ ಕೈ ಬಡಿದುಕೊಂಡರು.

“ಅಯ್ಯೋ, ಇವರು ಇದನ್ನೂ ಮಾಡಿದ್ದಾರಲ್ಲ ಮಾರಾಯ! ಈ ತೂತು ಸಣ್ಣದಾಯ್ತು ಅಂತ ನನಗೆ ಆಮೇಲೆ ಗೊತ್ತಾದದ್ದು. ಹೇಳುವ ಅಂದ್ರೆ ಪಾರ್ಸಿ ಗಾಡಿ ಮಾರಿಯಾಗಿತ್ತು. ಎಷ್ಟು ವರ್ಷದಿಂದ ಅದೊಂದು ಮನಸ್ಸಲ್ಲಿ ಕೊರೀತಾ ಉಂಟು ಗೊತ್ತುಂಟಾ? ನನ್ನ ತಪ್ಪನ್ನು ಕೂಡ ಅಷ್ಟು ಚಂದ ಮಾಡಿ ಇಟ್ಟಿದ್ದಾರೆ! ಏಳು, ಏಳು. ಶೆಡ್ಡಿನ ಕೀಲಿ ಎಲ್ಲಿ?”

ಮೂರು ತಿಂಗಳಿಂದ ಗೋಡೆ ನೋಡುತ್ತಿದ್ದ ಮನುಷ್ಯ ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಟರು. ಡ್ರಿಲ್ಲಿಗೆ ಅವರು ಕೈ ಕೊಟ್ಟರು, ಆ ಕೈ ನಡುಗದಂತೆ ನಾನು ಹಿಡಿದೆ. ತೂತು ಎಷ್ಟು ದೊಡ್ಡದಾಗಬೇಕೆಂದು ಅವರ ಕಿವಿಯೇ ಹೇಳಿತು. ಎಂಜಿನ್ ಕಟ್ಟಿ ಮುಗಿಸಲು ಎರಡು ದಿನ ಹಿಡಿಯಿತು. ದಸರೆಯ ಬೆಳಗ್ಗೆ ಗಾಡಿಗೆ ಚೆಂಡುಹೂವಿನ ಹಾರ ಹಾಕಿ, ಮೇಸ್ತ್ರಿ ತಾವೇ ಕಿಕ್ ಹೊಡೆದರು. ಒಂದು, ಎರಡು, ಮೂರನೆಯದಕ್ಕೆ ಹೊತ್ತಿಕೊಂಡಿತು. ತಗಡಿನ ಶೆಡ್ಡು ಗಡಗಡ ನಡುಗಿತು. ಗಿರಿಜಕ್ಕ ಅಲ್ಲೇ ಕೂತು ಅತ್ತರು, ನಾನೂ ಅತ್ತೆ, ಮುಚ್ಚಿಡುವುದೇನು ಬಂತು.

ಸ್ವಲ್ಪ ಹೊತ್ತಿನ ಮೇಲೆ ಎಂಜಿನ್ ಆರಿಸಿ ಮೇಸ್ತ್ರಿ ನನ್ನ ಕಡೆ ತಿರುಗಿದರು.

“ಆ ಜರ್ಮನಿಯ ಮುದುಕರಿಗೆ ಒಂದು ಕಾಗದ ಬರಿ. ಉಳಿದ ಎರಡು ರಾಡ್ ಉಂಟಲ್ಲ, ಅದರ ತೂತು ದೊಡ್ಡದು ಮಾಡ್ಬೇಕು. ಇಲ್ಲದಿದ್ರೆ ಯಾರಾದ್ರೂ ಗಾಡಿಗೆ ಹಾಕಿ ಓಡಿಸಿದ ದಿನ ಎಂಜಿನ್ ಜಾಮ್ ಆಗ್ತದೆ, ಮನುಷ್ಯ ಬೀಳ್ತಾನೆ.”

ನಾನು ಬೆಚ್ಚಿದೆ. “ಅಲ್ರೀ, ಬರದ್ರ ಎಲ್ಲಾ ಗೊತ್ತಾಗ್ತದಲ್ರಿ. ಇದನ್ನ ಹೇಳೋಕ ನೀವ್ಯಾರು ಅಂತ ಕೇಳ್ತಾರ. ನಂಬೂದಿಲ್ರಿ ಅವರು.”

ಮೇಸ್ತ್ರಿ ಕೈಯ ಎಣ್ಣೆಯನ್ನು ಒರೆಸಿಕೊಂಡರು.

“ಮೇಲೆ ಶ್ರೀ ಹಾಕ್ಲಿಕ್ಕೆ ಪೆನ್ನು ನನ್ನ ಕೈಗೆ ಕೊಡು,” ಎಂದರು. “ಕೆಳಗೆ ನೀನು ಬರಿ.”